ಬೌದ್ಧ ಸಂಘದ ವಾದನಿಯಮಗಳು ಮತ್ತು ನಮ್ಮ ಬಸದಿಯ ಸಭೆ

ಭಗವಾನ್ ಮಹಾವೀರಸ್ವಾಮಿಯವರ ನಿರ್ವಾಣವಾದ ತರುವಾಯ ಪಾವಾ ನಗರದಲ್ಲಿ ನಿರ್ಗ್ರಂಥರಲ್ಲಿ ಎರಡು ತಂಡಗಳಾದವೆಂದೂ, ಅವರು ಮಾತಿನಿಂದಲೇ ಒಬ್ಬರನ್ನೊಬ್ಬರು ಗಾಯಗೊಳಿಸಿದರೆಂದೂ, ಅದನ್ನು ಕಂಡು ಬಿಳಿಯ ಬಟ್ಟೆಯ ಗೃಹಸ್ಥ ಶ್ರಾವಕರು ಬೇಸತ್ತು ದೂರವಾದರೆಂದೂ ಬೌದ್ಧರ ಮಜ್ಝಿಮನಿಕಾಯದ ಸಾಮಗಾಮ ಸುತ್ತದಲ್ಲಿ ಬರೆದಿದೆ. ಜೈನರಾದ ನಮಗೆ ಇದು ಓದಲು ಹಿತವಾದ ಮಾತಲ್ಲ. ನಮ್ಮ ಶಾಸ್ತ್ರಗಳು ಹೀಗೆ ಹೇಳುವುದಿಲ್ಲ. ಎದುರು ಅಂಗಡಿಯವನು ನಮ್ಮ ಅಂಗಡಿಯ ಬಗ್ಗೆ ಬರೆದ ಕಾಗದವನ್ನು ಹೇಗೆ ಓದುತ್ತೇವೆಯೋ ಹಾಗೆಯೇ ಇದನ್ನೂ ಓದಬೇಕು, ಪೂರ್ತಿ ನಂಬಲೂಬಾರದು, ಹರಿದು ಎಸೆಯಲೂಬಾರದು.

ಆದರೆ ಆ ಸುತ್ತದಲ್ಲಿ ಮುಂದೆ ಬರುವ ಭಾಗ ವಾಚಕರು ಗಮನಿಸುವಂಥದು. ಈ ಸುದ್ದಿಯನ್ನು ಚುಂದನೆಂಬ ಶ್ರಮಣನು ಆನಂದನಿಗೆ ತಂದನು, ಇಬ್ಬರೂ ಕೂಡಿ ಬುದ್ಧನ ಬಳಿಗೆ ಹೋದರು. ಬುದ್ಧನು ಎದುರಾಳಿಯ ಮನೆ ಒಡೆಯಿತೆಂದು ನಗಲಿಲ್ಲ. ನಾಳೆ ತನ್ನ ಹಿಂದೆ ತನ್ನ ಸಂಘದಲ್ಲಿಯೂ ಹೀಗಾದರೆ ಏನು ಮಾಡಬೇಕೆಂದು ವಿಚಾರಿಸಿ, ಜಗಳಕ್ಕೆ ಕಾರಣವಾಗುವ ಆರು ಮೂಲಗಳನ್ನೂ, ಅದನ್ನು ಶಮನ ಮಾಡುವ ಏಳು ಉಪಾಯಗಳನ್ನೂ ಹೇಳಿದನು. ಜೈನರ ಜಗಳದ ಸುದ್ದಿ ಕೇಳಿ ಬೌದ್ಧರು ನಿಯಮ ಹೇಳಿಕೊಂಡರು! ನಾವು ಮಾತ್ರ ಭಾಷಣಗಳಲ್ಲಿ ಅನೇಕಾಂತವಾದವನ್ನು ಹೊಗಳಿ, ಭಾಷಣ ಮುಗಿದ ಕೂಡಲೇ ಪಕ್ಕದವನ ಮಾತನ್ನು ಅರ್ಧಕ್ಕೇ ಕತ್ತರಿಸುತ್ತೇವೆ.

ಇದನ್ನು ಓದುವಾಗ ನಮ್ಮ ಭಾಗದ ಒಂದು ಹಳ್ಳಿ ನೆನಪಾಯಿತು. ಹೆಸರು ಬೇಡ, ದೂಧಗಂಗೆಯ ಆಸುಪಾಸಿನದೆಂದರೆ ಸಾಕು. ಎಪ್ಪತ್ತು ಎಂಬತ್ತು ಶ್ರಾವಕರ ಮನೆಗಳಿರುವ ಊರು. ಹಳೆಯ ಕಲ್ಲಿನ ಬಸದಿ ಮಳೆಗಾಲದಲ್ಲಿ ಸೋರುತ್ತಿತ್ತು. ಕೆಡವಿ ಅಮೃತಶಿಲೆಯಲ್ಲಿ ಹೊಸದು ಕಟ್ಟಬೇಕೆಂದು ಕೆಲವರು, ಹಿರಿಯರು ಕಟ್ಟಿದ್ದನ್ನು ಕೆಡವದೆ ದುರಸ್ತಿ ಮಾಡಬೇಕೆಂದು ಕೆಲವರು. ಎರಡೂ ಮಾತಿನಲ್ಲಿ ಹುರುಳಿತ್ತು. ರಾತ್ರಿ ಎಂಟಕ್ಕೆ ಸಭೆ ಕರೆದರು. ಅಂದು ಬೀಗರ ಮನೆಗೆ ಹೋಗಿದ್ದ ನಾವು ಹಿಂದಿನ ಸಾಲಿನಲ್ಲಿ ಕುಳಿತೆವು. ಅಧ್ಯಕ್ಷರೆಂದು ಕುಳಿತವರೇ ಹೊಸ ಬಸದಿಯ ವರ್ಗಣಿ ಪಟ್ಟಿಯಲ್ಲಿ ಮೊದಲ ಹಣ ಬರೆದವರು. ಬಸದಿಯ ವಿಷಯ ನಡೆದದ್ದು ಅರ್ಧ ತಾಸು. ಉಳಿದ ಹೊತ್ತೆಲ್ಲ ಯಾರ ಅಜ್ಜ ಯಾರ ಹೊಲದ ಬದು ಒತ್ತಿದ್ದ, ಯಾವ ವರ್ಷದ ಸವಾಲಿನ ಹಣ ಯಾರು ತುಂಬಿಲ್ಲ ಎಂಬ ಮಾತು. ಒಬ್ಬ ತರುಣ ಇಂಜಿನಿಯರ್ ಎದ್ದು, “ಕಾಕಾ, ಕಲ್ಲು ಗಟ್ಟಿ ಅದ, ಬರೇ ಮ್ಯಾಲಿನ ಗಚ್ಚು ಹೋಗೇತಿ” ಎಂದು ಹೇಳಲು ಹೊರಟನು. “ನೀ ಕೂಡಪಾ, ನಿಮ್ಮಪ್ಪ ಮಾತಾಡ್ಲಿ” ಎಂದು ಕೂಡ್ರಿಸಿದರು. ಅವನು ಮತ್ತೆ ಏಳಲಿಲ್ಲ. ಇಡೀ ಸಭೆಯಲ್ಲಿ ಗಚ್ಚನ್ನು ನೋಡಿ ಬಂದವನು ಅವನೊಬ್ಬನೇ ಇದ್ದನು.

ಮುಂದೆ ಆದದ್ದು ಇಷ್ಟು. ಎರಡು ವರ್ಷ ದಶಲಕ್ಷಣ ಪರ್ವವನ್ನು ಎರಡು ಕಡೆ ಆಚರಿಸಿದರು. ಒಂದು ಕಡೆಯವರ ಲಗ್ನಪತ್ರಿಕೆ ಇನ್ನೊಂದು ಕಡೆಗೆ ಹೋಗುವುದು ನಿಂತಿತು. ಬೀಜ-ಗೊಬ್ಬರದ ಅಂಗಡಿ ಕೂಡಿ ನಡೆಸುತ್ತಿದ್ದ ಅಣ್ಣತಮ್ಮಂದಿರು ಖಾತೆ ಒಡೆದುಕೊಂಡರು. ಬಸದಿ ಈಗಲೂ ತಾಡಪತ್ರಿಯ ಕೆಳಗಿದೆ.

ಇಂಥದು ಹೊಸದೇನಲ್ಲ. ಕೌಶಾಂಬಿಯೆಂದರೆ ನಮಗೆ ಚಂದನೆಯು ಮಹಾವೀರಸ್ವಾಮಿಗೆ ಆಹಾರದಾನ ಮಾಡಿದ ಊರು. ಬೌದ್ಧರಿಗೆ ಅದು ಸಂಘ ಒಡೆದ ಊರು. ಘೋಷಿತನೆಂಬ ಶ್ರೇಷ್ಠಿ ಕಟ್ಟಿಸಿಕೊಟ್ಟ ವಿಹಾರದಲ್ಲಿ ಜಗಳ ಹುಟ್ಟಿತು. ಬಹಿರ್ದೆಸೆಯ ಜಾಗದಲ್ಲಿ ಪಾತ್ರೆಯೊಳಗೆ ಸ್ವಲ್ಪ ನೀರು ಉಳಿಸಿ ಬಂದದ್ದು ದೋಷವೋ ಅಲ್ಲವೋ ಎಂಬುದೇ ಮೂಲವೆಂದು ಅವರ ಅಟ್ಠಕಥೆ ಹೇಳುತ್ತದೆ. ಒಬ್ಬನು ವಿನಯ ಬಲ್ಲವನು, ಇನ್ನೊಬ್ಬನು ಧರ್ಮೋಪದೇಶಕ, ಇಬ್ಬರಿಗೂ ಶಿಷ್ಯರ ದಂಡು. ಬುದ್ಧನೇ ಬಂದು ತಿಳಿಹೇಳಿದರೂ ಅವರು ಕೇಳಲಿಲ್ಲ. ತಾವು ಆರಾಮಾಗಿರಿ, ಈ ಜಗಳ ನಾವು ನೋಡಿಕೊಳ್ಳುತ್ತೇವೆ ಎಂಬ ಅರ್ಥದ ಮಾತನ್ನು ಗುರುವಿಗೇ ಹೇಳಿದರು. ಆತನು ಪಾತ್ರೆ ಎತ್ತಿಕೊಂಡು ಒಬ್ಬನೇ ಕಾಡಿಗೆ ಹೊರಟುಹೋದನು. ಅಲ್ಲಿ ಒಂದು ಆನೆ ಆತನ ಸೇವೆ ಮಾಡಿತೆಂದು ಕಥೆ.

ಜಗಳ ನಿಲ್ಲಿಸಿದವರು ಕೌಶಾಂಬಿಯ ಗೃಹಸ್ಥರು. ಗುರುವನ್ನು ಊರು ಬಿಡಿಸಿದವರಿಗೆ ನಮಸ್ಕಾರವಿಲ್ಲ, ಭಿಕ್ಷೆಯೂ ಇಲ್ಲ ಎಂದು ನಿಶ್ಚಯಿಸಿದರು. ಆಗ ಭಿಕ್ಷುಗಳು ತಾವಾಗಿಯೇ ಶ್ರಾವಸ್ತಿಗೆ ನಡೆದು ಹೋಗಿ ರಾಜಿಯಾದರು. ಆ ಗೃಹಸ್ಥರು ಈ ತಂಡಕ್ಕೆ ಅನ್ನ ಆ ತಂಡಕ್ಕೆ ಉಪವಾಸ ಎಂದು ಮಾಡಲಿಲ್ಲ. ಹಣ ಕೊಡುವವರ ಕೈಯಲ್ಲಿರುವ ಶಕ್ತಿ ಏನೆಂಬುದನ್ನು ನಮ್ಮಂಥ ವ್ಯಾಪಾರಸ್ಥರಿಗೆ ಬೇರೆ ಹೇಳಬೇಕಾಗಿಲ್ಲ. ನಾವು ಅದನ್ನು ಹೆಚ್ಚಾಗಿ ಒಂದು ಪಕ್ಷಕ್ಕೆ ಬಲ ಕೊಡಲು ಬಳಸುತ್ತೇವೆ, ಅಷ್ಟೇ ವ್ಯತ್ಯಾಸ.

ಏಳು ಉಪಾಯಗಳಲ್ಲಿ ಎಲ್ಲವನ್ನೂ ಇಲ್ಲಿ ವಿವರಿಸುವುದಿಲ್ಲ, ಕೆಲವು ಭಿಕ್ಷುಗಳಿಗೆ ಮಾತ್ರ ಸಂಬಂಧಿಸಿದವು. ಮೊದಲನೆಯದು ಸಮ್ಮುಖ ವಿನಯ. ಯಾರ ಬಗ್ಗೆ ಮಾತೋ ಅವನು ಎದುರಿಗೆ ಇರಲೇಬೇಕು, ಅವನ ಬೆನ್ನ ಹಿಂದೆ ತೀರ್ಮಾನವಿಲ್ಲ. ಇದೊಂದನ್ನು ಪಾಲಿಸಿದರೆ ನಮ್ಮ ಊರುಗಳ ಚಹದಂಗಡಿಯ ಅರ್ಧ ವ್ಯಾಪಾರ ಕಡಿಮೆಯಾದೀತು. ಐದನೆಯದು ಬಹುಮತ. ಇದಕ್ಕಾಗಿ ಶಲಾಕೆ ಎಂಬ ಕಡ್ಡಿಗಳನ್ನು ಹಂಚುತ್ತಿದ್ದರು. ಹಂಚುವವನನ್ನು ಸಂಘವೇ ಒಪ್ಪಿ ನೇಮಿಸಬೇಕು. ಅವನು ಮೋಹಕ್ಕಾಗಲಿ ದ್ವೇಷಕ್ಕಾಗಲಿ ಅಜ್ಞಾನಕ್ಕಾಗಲಿ ಭಯಕ್ಕಾಗಲಿ ವಾಲುವವನಾಗಿರಬಾರದು, ಯಾವ ಕಡ್ಡಿ ತೆಗೆದುಕೊಂಡರು ಯಾವುದು ಬಿಟ್ಟರು ಎಂಬ ಲೆಕ್ಕ ಬಲ್ಲವನಾಗಿರಬೇಕು. ಕಡ್ಡಿ ಹಂಚುವುದರಲ್ಲಿಯೂ ಮೂರು ಬಗೆ: ಗುಪ್ತವಾಗಿ, ಕಿವಿಯಲ್ಲಿ ಹೇಳಿ, ಬಹಿರಂಗವಾಗಿ.

ಇಲ್ಲಿ ನಮಗೆ ಒಪ್ಪಿಗೆಯಾಗದ ಒಂದು ಮಾತೂ ಇದೆ. ಗುಪ್ತ ಮತದಲ್ಲಿ ಅಧರ್ಮದ ಪಕ್ಷಕ್ಕೆ ಹೆಚ್ಚು ಕಡ್ಡಿ ಬಂದವೆಂದು ಕಂಡರೆ, ಸರಿಯಾಗಿ ನಡೆಯಲಿಲ್ಲವೆಂದು ಹೇಳಿ ಹಂಚುವವನು ಅದನ್ನು ರದ್ದು ಮಾಡಬಹುದೆಂದು ವಿನಯಪಿಟಕ ಹೇಳುತ್ತದೆ. ತಕ್ಕಡಿ ಹಿಡಿದವನೇ ಯಾವ ತೂಕ ಸರಿಯೆಂದು ನಿಶ್ಚಯಿಸುವುದಾದರೆ ತಕ್ಕಡಿ ಯಾತಕ್ಕೆ? ಒಳ್ಳೆಯ ನಿಯಮಗಳ ನಡುವೆ ಇಂಥದೊಂದು ತೂತು ಇದೆಯೆಂದು ತಿಳಿದಿರಬೇಕು.

ಏಳನೆಯ ಉಪಾಯದ ಹೆಸರು ತಿಣವತ್ಥಾರಕ, ಎಂದರೆ ಹುಲ್ಲು ಹೊದಿಸುವುದು. ಎರಡೂ ಕಡೆಯವರು ಆಡಬಾರದ್ದನ್ನು ಆಡಿ, ಮಾಡಬಾರದ್ದನ್ನು ಮಾಡಿಯಾಗಿದೆ, ಈಗ ಒಂದೊಂದನ್ನೇ ಎತ್ತಿ ವಿಚಾರಣೆ ಮಾಡಿದರೆ ಗಾಯ ದೊಡ್ಡದಾಗುತ್ತದೆ ಎನ್ನುವಾಗ ಇದನ್ನು ಬಳಸಬೇಕು. ಆಗ ಒಂದೊಂದು ಪಕ್ಷದಿಂದ ಒಬ್ಬ ತಿಳಿದ ಭಿಕ್ಷು ಎದ್ದು, ತನ್ನ ಪಕ್ಷದವರೆಲ್ಲರ ಪರವಾಗಿ ತಪ್ಪೊಪ್ಪಿಕೊಳ್ಳುತ್ತಾನೆ. ಹೊಲಸಿನ ಮೇಲೆ ಹುಲ್ಲು ಮುಚ್ಚಿದಂತೆ ಆ ವಿಷಯ ಮುಗಿಯಿತು. ಆದರೆ ದೊಡ್ಡ ಅಪರಾಧಗಳಿಗೂ, ಗೃಹಸ್ಥರಿಗೆ ಸಂಬಂಧಿಸಿದ ದೋಷಗಳಿಗೂ ಈ ಹುಲ್ಲು ನಡೆಯುವುದಿಲ್ಲ. ನಮ್ಮ ಭಾಷೆಯಲ್ಲಿ ಹೇಳಬೇಕಾದರೆ, ಕೋಪದ ಮಾತನ್ನು ಮುಚ್ಚಬಹುದು, ಬಸದಿಯ ದುಡ್ಡಿನ ಲೆಕ್ಕವನ್ನು ಮುಚ್ಚುವಂತಿಲ್ಲ.

ಇನ್ನೊಬ್ಬನ ತಪ್ಪು ತೋರಿಸುವುದಕ್ಕೂ ಕ್ರಮವಿದೆ. ಮೊದಲು ಅವನ ಅನುಮತಿ ಕೇಳಬೇಕು. ಆಮೇಲೆ ಹೊತ್ತು ಸರಿಯೇ, ಮಾತು ನಿಜವೇ, ಮೃದುವಾಗಿದೆಯೇ, ಪ್ರಯೋಜನವಿದೆಯೇ, ಮನಸ್ಸಿನಲ್ಲಿ ಮೈತ್ರಿಯಿದೆಯೇ ಎಂದು ಐದನ್ನು ತನ್ನಲ್ಲಿಯೇ ನೋಡಿಕೊಳ್ಳಬೇಕು. ಸಭೆ ಬಹಳ ದೊಡ್ಡದಾಗಿ, ಮಾತಿಗೆ ಮಾತು ಬೆಳೆದು, ಯಾರ ಮಾತಿಗೆ ಏನರ್ಥವೆಂದೇ ತಿಳಿಯದಾದರೆ ಚಿಕ್ಕ ಸಮಿತಿಗೆ ಒಪ್ಪಿಸಬೇಕು. ಬುದ್ಧನ ನಂತರ ಸುಮಾರು ನೂರು ವರ್ಷಕ್ಕೆ ವೈಶಾಲಿಯಲ್ಲಿ ಹೀಗೆಯೇ ಆಯಿತು. ಕೊಂಬಿನಲ್ಲಿ ಉಪ್ಪು ಸಂಗ್ರಹಿಸಿಡಬಹುದೇ, ಬಂಗಾರ ಬೆಳ್ಳಿ ಸ್ವೀಕರಿಸಬಹುದೇ ಮೊದಲಾದ ಹತ್ತು ಪ್ರಶ್ನೆಗಳ ಮೇಲೆ ಪೂರ್ವದವರೂ ಪಶ್ಚಿಮದವರೂ ಬಡಿದಾಡುವ ಸ್ಥಿತಿ ಬಂದಾಗ, ಅತ್ತಲಿಂದ ನಾಲ್ವರು ಇತ್ತಲಿಂದ ನಾಲ್ವರು, ಎಂಟು ಜನ ಕುಳಿತು ಒಂದೊಂದೇ ಪ್ರಶ್ನೆ ಎತ್ತಿ ತೀರ್ಮಾನಿಸಿದರು.

ಈ ವಿನಯದ ಸಭಾಪದ್ಧತಿಯನ್ನು ನಮ್ಮ ಕಾಲಕ್ಕೆ ನೆನಪು ಮಾಡಿಕೊಟ್ಟವರು ಡಾ. ಅಂಬೇಡಕರರು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾತನಾಡುತ್ತ, ಗೊತ್ತುವಳಿ, ಕೋರಂ, ಮತ ಎಣಿಕೆ, ಗುಪ್ತ ಮತದಾನ ಇವೆಲ್ಲ ಬೌದ್ಧ ಸಂಘಗಳಿಗೆ ಆಗಲೇ ಗೊತ್ತಿದ್ದವೆಂದು ತೋರಿಸಿದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧ ದೀಕ್ಷೆ ಪಡೆದರು. ಮರುವರ್ಷ ಅವರ ಮರಣಾನಂತರ ಪ್ರಕಟವಾದ ‘ಬುದ್ಧ ಮತ್ತು ಅವನ ಧಮ್ಮ’ ಗ್ರಂಥದಲ್ಲಿ ಸಿದ್ಧಾರ್ಥನು ಮನೆ ಬಿಟ್ಟ ಕಾರಣವನ್ನೇ ಬೇರೆಯಾಗಿ ಹೇಳಿದ್ದಾರೆ. ರೋಹಿಣಿ ನದಿಯ ನೀರಿಗಾಗಿ ಕೋಲಿಯರ ಮೇಲೆ ಯುದ್ಧ ಮಾಡಬೇಕೆಂಬ ಗೊತ್ತುವಳಿಯನ್ನು ಶಾಕ್ಯರ ಸಭೆಯಲ್ಲಿ ಅವನು ವಿರೋಧಿಸಿ, ಮತದಲ್ಲಿ ಸೋತು, ಊರು ಬಿಟ್ಟನೆಂದು ಅಲ್ಲಿ ಬರುತ್ತದೆ. ನಮ್ಮ ಭಾಗಕ್ಕೂ ಅವರಿಗೂ ಸಂಬಂಧ ಹಳೆಯದು. ಕಾಗಲದ ಘಾಟಗೆ ಮನೆತನದಿಂದ 1884ರಲ್ಲಿ ಕೊಲ್ಹಾಪುರ ಗಾದಿಗೆ ದತ್ತಕ ಹೋದ ಶಾಹೂ ಮಹಾರಾಜರು, 1920ರ ಮಾರ್ಚ್ ತಿಂಗಳಲ್ಲಿ ಮಾಣಗಾಂವ ಪರಿಷತ್ತಿಗೆ ಸ್ವತಃ ಬಂದು, ಅಂಬೇಡಕರರೇ ಇನ್ನು ಮುಂದಿನ ನಾಯಕರೆಂದು ಜನರಿಗೆ ತೋರಿಸಿಕೊಟ್ಟದ್ದು ಇಲ್ಲಿಯ ಹಿರಿಯರ ಬಾಯಲ್ಲಿ ಕೇಳಿದ ಸಂಗತಿ.

ಗ್ರಂಥದಲ್ಲಿ ಇದ್ದದ್ದು ನಡೆಯುವುದನ್ನು ಕಣ್ಣಾರೆ ಕಾಣಬೇಕಾದರೆ ದೂರ ಹೋಗಬೇಕಾಗಿಲ್ಲ. ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡಕ್ಕೆ ಹೋದರೆ ಸಾಕು. 1959ರಲ್ಲಿ ಟಿಬೆಟ್ ಬಿಟ್ಟು ಬಂದ ಭಿಕ್ಷುಗಳು ಮೊದಲು ಬಂಗಾಳದ ಬಕ್ಸಾ ಎಂಬಲ್ಲಿ, ಬ್ರಿಟಿಷರ ಕಾಲದ ಬಂದೀಖಾನೆಯಲ್ಲಿ ಹತ್ತು ವರ್ಷ ಕಳೆದರು. ಮುಂಡಗೋಡದಲ್ಲಿ ಟಿಬೆಟಿಗಳ ವಸಾಹತು ಆರಂಭವಾದದ್ದು 1966ರಲ್ಲಿ. ಆಮೇಲೆ ಡ್ರೆಪುಂಗ್ ಮತ್ತು ಗಾಂಡೆನ್ ಮಠಗಳು ಅಲ್ಲಿ ನೆಲೆಸಿದವು, ಸೆರಾ ಮಠ ಮೈಸೂರು ಜಿಲ್ಲೆಯ ಬೈಲಕುಪ್ಪೆಯಲ್ಲಿ ನೆಲೆಸಿತು. ಚಳಿಗಾಲದಲ್ಲಿ ನಮ್ಮ ಕಡೆಯ ಪೇಟೆಗಳಿಗೆ ಸ್ವೆಟರ್ ಮಾರಲು ಬರುವ ಟಿಬೆಟಿಗಳನ್ನು ಎಲ್ಲರೂ ಬಲ್ಲರು. ಲುಧಿಯಾನದಿಂದ ಮಾಲು ತಂದು, ಉದ್ರಿ ತೀರಿಸಿ, ಮಾತಿಗೆ ತಪ್ಪದೆ ನಡೆಯುವ ಜನ. ಅವರ ಊರನ್ನು ನೋಡಬೇಕೆಂದು ಹುಬ್ಬಳ್ಳಿಗೆ ಹೋದಾಗೊಮ್ಮೆ ನಾವು ಬಸ್ಸು ಹಿಡಿದೆವು.

ಸಂಜೆ ಮಠದ ಅಂಗಳದಿಂದ ಚಪ್ಪಾಳೆಯ ಸದ್ದು, ಕೂಗು. ಬೆಲ್ಲದ ಸವಾಲಿನ ಹೊತ್ತಿಗೆ ಕೊಲ್ಹಾಪುರದ ಮಾರ್ಕೆಟ್ ಯಾರ್ಡಿನಲ್ಲಿ ನಿಂತಂತೆ ಅನಿಸಿತು. ಹತ್ತಿರ ಹೋಗಿ ನೋಡಿದರೆ ಕೆಂಪು ವಸ್ತ್ರದ ಭಿಕ್ಷುಗಳು ಜೋಡಿ ಜೋಡಿಯಾಗಿ ವಾದ ನಡೆಸಿದ್ದರು. ಉತ್ತರ ಕೊಡುವವನು ನೆಲದ ಮೇಲೆ ಕುಳಿತಿರುತ್ತಾನೆ, ಪ್ರಶ್ನೆ ಕೇಳುವವನು ನಿಂತಿರುತ್ತಾನೆ. ಪ್ರಶ್ನೆ ಮುಗಿದಾಗ ಎಡಗಾಲು ನೆಲಕ್ಕೆ ಅಪ್ಪಳಿಸಿ, ಎಡಗೈ ಮೇಲೆ ಬಲಗೈಯಿಂದ ಚಪ್ಪಾಳೆ. ಹಿಂದಿ ಬಲ್ಲ ಒಬ್ಬ ಭಿಕ್ಷು ನಮಗೆ ತಾಳ್ಮೆಯಿಂದ ವಿವರಿಸಿದರು. ಕುಳಿತವನಿಗೆ ಮುಖ್ಯವಾಗಿ ಇರುವ ಉತ್ತರಗಳು ನಾಲ್ಕೇ: ಒಪ್ಪಿದೆ, ಏಕೆ, ನೀನು ಕೊಟ್ಟ ಕಾರಣ ಸಿದ್ಧವಾಗಿಲ್ಲ, ಆ ಕಾರಣದಿಂದ ಈ ಮಾತು ಹೊರಡುವುದಿಲ್ಲ. ಬೇರೆ ಭಾಷಣಕ್ಕೆ ಎಡೆಯಿಲ್ಲ. ನಿಂತವನ ಅಪ್ಪನ ವಿಷಯ, ಅಜ್ಜನ ಹೊಲದ ವಿಷಯ ತರಲು ಅದರಲ್ಲಿ ಜಾಗವೇ ಇಲ್ಲ! ಕುಳಿತವನು ತಾನು ಮೊದಲು ಒಪ್ಪಿದ್ದಕ್ಕೆ ವಿರುದ್ಧ ಹೇಳಿ ಸಿಕ್ಕಿಬಿದ್ದರೆ “ತ್ಸ!” ಎಂದು ಕೂಗುತ್ತಾರೆ. ಅವನು ನಗುತ್ತಾನೆ. ಇನ್ನೊಂದು ಸಲ ಅವನೇ ನಿಲ್ಲುತ್ತಾನೆ, ಇವನು ಕೂಡುತ್ತಾನೆ.

ಇವೆಲ್ಲದರ ನಡುವೆ ಗೆಕೋ ಎಂಬ ಶಿಸ್ತಿನ ಅಧಿಕಾರಿ ಇರುತ್ತಾನೆ. ಯಾರು ಗೆದ್ದರೆಂದು ಹೇಳುವುದು ಅವನ ಕೆಲಸವಲ್ಲ, ಅಂಗಳದ ಕ್ರಮ ಕೆಡದಂತೆ ನೋಡುವುದಷ್ಟೇ ಅವನ ಕೆಲಸ. ಇಪ್ಪತ್ತು ವರ್ಷದಷ್ಟು ಕಾಲ ಹೀಗೆ ಓದಿ, ವಾದ ಮಾಡಿದ ಮೇಲೆ ಗೆಶೆ ಪದವಿ ದೊರೆಯುತ್ತದೆ. 2016ರ ಡಿಸೆಂಬರಿನಲ್ಲಿ ಮುಂಡಗೋಡದಲ್ಲಿಯೇ 20 ಭಿಕ್ಷುಣಿಯರಿಗೆ ಮೊದಲ ಬಾರಿಗೆ ಗೆಶೆಮಾ ಪದವಿಯನ್ನು ದಲಾಯಿ ಲಾಮಾ ಅವರು ಕೊಟ್ಟರು. ನಮ್ಮ ಸಭೆಗಳಲ್ಲಿ ಹೆಣ್ಣುಮಕ್ಕಳು ಕಂಬದ ಆಚೆ ಕುಳಿತು ಕೇಳಿ ಎದ್ದು ಹೋಗುತ್ತಾರೆ. ಬಸದಿಯ ಒಳಗು ದಿನಾಲೂ ನೋಡುವವರು, ಸೋರುವುದು ಎಲ್ಲಿ ಎಂದು ಬಲ್ಲವರು ಅವರೇ.

ಅಲ್ಲಿ ಬಾಯಿಪಾಠ ಮಾಡುವ ಗ್ರಂಥದ ಹೆಸರು ಕೇಳಿದೆವು. ಧರ್ಮಕೀರ್ತಿಯ ಪ್ರಮಾಣವಾರ್ತಿಕವೆಂದರು. ಕೇಳಿ ರೋಮಾಂಚನವಾಯಿತು. ನಮ್ಮ ಭಟ್ಟ ಅಕಲಂಕದೇವರು ಎಂಟನೆಯ ಶತಮಾನದಲ್ಲಿ ಸಾಲುಸಾಲಿಗೆ ಉತ್ತರ ಕೊಟ್ಟದ್ದು ಇದೇ ಧರ್ಮಕೀರ್ತಿಗೆ. ಕಂಚಿಯ ಹಿಮಶೀತಲ ರಾಜನ ಸಭೆಯಲ್ಲಿ, ಪರದೆಯ ಹಿಂದೆ ಗಡಿಗೆಯಲ್ಲಿದ್ದ ತಾರಾದೇವಿಯೊಡನೆ ಅಕಲಂಕರು ವಾದಿಸಿ, ಕೊನೆಗೆ ಗಡಿಗೆಯನ್ನು ಒದ್ದರೆಂಬ ಕಥೆಯನ್ನು ಎಲ್ಲರೂ ಪಾಠಶಾಲೆಯಲ್ಲಿ ಕೇಳಿದ್ದೇವೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮಲ್ಲಿಷೇಣ ಪ್ರಶಸ್ತಿಯಲ್ಲಿ, ಎಂದರೆ 1129ರ ಸುಮಾರಿಗೆ, ಈ ವಾದದ ಪ್ರಸ್ತಾಪವಿದೆ. ಅಹಂಕಾರದಿಂದಲೂ ದ್ವೇಷದಿಂದಲೂ ತಾನು ಅದನ್ನು ಮಾಡಲಿಲ್ಲವೆಂದು ಅಕಲಂಕರೇ ಹೇಳಿದಂತೆ ಅಲ್ಲಿ ಬರೆದಿದೆ. ಗಡಿಗೆ ಒದ್ದದ್ದು ಮಕ್ಕಳಿಗೆ ನೆನಪಿರುತ್ತದೆ, ಈ ಮಾತನ್ನು ಯಾರೂ ಕಲಿಸುವುದಿಲ್ಲ. ಎದುರಾಳಿ ತಡವರಿಸಿದನೆಂದ ಮಾತ್ರಕ್ಕೆ ಗೆದ್ದಂತಲ್ಲ, ತನ್ನ ಪಕ್ಷವನ್ನು ಸಿದ್ಧಮಾಡಿ ತೋರಿಸಿದರೆ ಮಾತ್ರ ಜಯ ಎಂಬುದು ಅಕಲಂಕರ ಮತ. ಮಾತಿನ ತಿರುಚಾಟದಿಂದ ಗೆಲ್ಲುವುದನ್ನು ಅವರೂ ಒಪ್ಪಲಿಲ್ಲ, ಧರ್ಮಕೀರ್ತಿಯೂ ಒಪ್ಪಲಿಲ್ಲ. ಇಷ್ಟು ದೊಡ್ಡ ಎದುರಾಳಿಗಳಿಗೆ ಇದೊಂದರಲ್ಲಿ ಒಮ್ಮತವಿತ್ತು.

ವಾದಕ್ಕೆ ನಾಲ್ಕು ಅಂಗಗಳೆಂದು ಶ್ವೇತಾಂಬರ ಆಚಾರ್ಯ ವಾದಿದೇವಸೂರಿಗಳು ‘ಪ್ರಮಾಣನಯತತ್ತ್ವಾಲೋಕ’ದಲ್ಲಿ ಹೇಳಿದ್ದಾರೆ: ವಾದಿ, ಪ್ರತಿವಾದಿ, ಸಭ್ಯರು, ಸಭಾಪತಿ. ಸಭ್ಯರು ಎರಡೂ ಪಕ್ಷದ ಸಿದ್ಧಾಂತ ತಿಳಿದವರು, ತಾಳ್ಮೆಯುಳ್ಳವರು, ಮಧ್ಯಸ್ಥರು, ಇಬ್ಬರಿಗೂ ಒಪ್ಪಿಗೆಯಾದವರು ಆಗಿರಬೇಕು. ಯಾರು ಮೊದಲು ಮಾತಾಡಬೇಕು, ಯಾವಾಗ ನಿಲ್ಲಿಸಬೇಕು ಎಂಬುದು ಅವರ ಕೈಯಲ್ಲಿ. ಜಗಳವಾಗದಂತೆ ನೋಡುವುದು ಸಭಾಪತಿಯ ಕರ್ತವ್ಯ. ಈ ದೇವಸೂರಿಗಳೇ 1125ರ ಸುಮಾರಿಗೆ ಗುಜರಾತಿನ ಪಾಟಣದಲ್ಲಿ, ಸಿದ್ಧರಾಜ ಜಯಸಿಂಹನ ಸಭೆಯಲ್ಲಿ, ದಿಗಂಬರ ಕುಮುದಚಂದ್ರರನ್ನು ಸೋಲಿಸಿದರೆಂದು ಶ್ವೇತಾಂಬರ ಗ್ರಂಥಗಳು ಹೇಳುತ್ತವೆ. ನಿಯಮ ಬರೆದವರೇ ಒಂದು ಪಕ್ಷದವರಾಗಿದ್ದರು, ಆದ್ದರಿಂದ ನಿಯಮ ಕೆಟ್ಟದೆನ್ನಲಾಗದು. ಸಿದ್ಧಸೇನ ದಿವಾಕರರಂತೂ ವಾದಕ್ಕಾಗಿಯೇ ಒಂದು ದ್ವಾತ್ರಿಂಶಿಕೆ ಬರೆದು, ಇನ್ನೊಂದರಲ್ಲಿ ವಾದದ ಹುಚ್ಚಿನವರನ್ನು ಚೆನ್ನಾಗಿ ಗೇಲಿ ಮಾಡಿದ್ದಾರೆ. ಸಿದ್ಧಸೇನರ ಕೃತಿಗಳನ್ನು ಸಂಪಾದಿಸಿ 1971ರಲ್ಲಿ ಹೊರತಂದವರು ನಮ್ಮ ಸದಲಗಾದ ಡಾ. ಆ. ನೇ. ಉಪಾಧ್ಯೆಯವರು. ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಮೂವತ್ತು ವರ್ಷ ಪಾಠ ಹೇಳಿದವರು. ನಮ್ಮ ಮನೆಗಳಲ್ಲಿ ಅವರ ಹೆಸರು ಗೊತ್ತು, ಪುಸ್ತಕ ಇಲ್ಲ.

ನಾವು ಮ್ಯಾಟ್ರಿಕ್ ಓದಿದ ವ್ಯಾಪಾರಿಗಳು, ನ್ಯಾಯಶಾಸ್ತ್ರ ಬಲ್ಲವರಲ್ಲ. ಆದರೆ ಬೆಲ್ಲದ ಸವಾಲು ನಡೆಸುವವನು ತಾನು ಕೂಗು ಹಾಕುವುದಿಲ್ಲವೆಂಬುದು ನಮಗೆ ಗೊತ್ತು. ಅವನು ಕೂಗು ಹಾಕಿದ ದಿನ ಆ ಪೇಟೆಗೆ ರೈತ ಬರುವುದಿಲ್ಲ. ಹಾಗಾದರೆ ಹಣ ಬರೆದವರನ್ನೇ ಸಭೆಯ ಅಧ್ಯಕ್ಷಸ್ಥಾನದಲ್ಲಿ ಏಕೆ ಕೂಡ್ರಿಸುತ್ತೇವೆ? ಪಕ್ಕದ ಊರಿನ, ಎರಡೂ ಕಡೆಗೆ ಒಪ್ಪಿಗೆಯಾದ ಒಬ್ಬ ಹಿರಿಯರನ್ನು ಕರೆದರೆ ಆಗುವ ಖರ್ಚು ಒಂದು ಬಸ್ ಚಾರ್ಜು. ಸಭೆಗೆ ವಿಷಯ ಒಂದೇ ಇರಲಿ, ಅದನ್ನು ಕಾಗದದ ಮೇಲೆ ಬರೆದು ಗೋಡೆಗೆ ಹಚ್ಚಲಿ. ಉತ್ತರ ಕೊಡುವವನು ಎದುರಿನವನ ಮಾತನ್ನು ಮೊದಲು ತಾನು ತಿರುಗಿ ಹೇಳಲಿ, ಅವನು ‘ಹೌದು, ನಾ ಅಂದದ್ದು ಅದೇ’ ಎಂದ ಮೇಲೆ ಮುಂದುವರಿಯಲಿ. ಅರ್ಧ ಜಗಳ ಅಲ್ಲಿಯೇ ಇಳಿಯುತ್ತದೆ, ಏಕೆಂದರೆ ಎದುರಿನವನು ಹೇಳಿದ್ದೇನೆಂದು ಕೇಳಿಸಿಕೊಂಡವರೇ ಕಡಿಮೆ. ಸಭೆಯಲ್ಲಿ ಇಲ್ಲದವರ ಹೆಸರು ಎತ್ತಬಾರದು. ತೀರಿಕೊಂಡವರ ಹೆಸರಂತೂ ಬೇಡವೇ ಬೇಡ. ತರುಣರು ಮೊದಲು ಮಾತಾಡಲಿ, ಹಿರಿಯರು ಆಮೇಲೆ. ಹಿರಿಯರು ಮೊದಲು ಮಾತಾಡಿದರೆ ಮರ್ಯಾದೆಗೆ ಅಂಜಿ ತರುಣರು ಬಾಯಿ ಮುಚ್ಚುತ್ತಾರೆ. ಆಮೇಲೆ ಅವರು ಇಚಲಕರಂಜಿಗೋ ಪುಣೆಗೋ ಹೋಗಿ ಅಲ್ಲಿಯೇ ಇದ್ದುಬಿಡುತ್ತಾರೆ. ಬಸದಿ ಹೊಸದಾದರೂ ಪೂಜೆಗೆ ನಿಲ್ಲುವವರಾರು?

ಜಾತಿ ಮತ ಬೇರೆಯಾದವರ ನಡುವೆಯೂ ಇಂಥ ಮಧ್ಯಸ್ಥಿಕೆ ನಮ್ಮ ನಾಡಿನಲ್ಲಿ ನಡೆದಿದೆ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯವಾಗಿ, ಜೈನರು ವಿಜಯನಗರದ ಬುಕ್ಕರಾಯನಿಗೆ ಬಿನ್ನಹ ಮಾಡಿಕೊಂಡರು. ರಾಯನು ಒಬ್ಬನೇ ಕುಳಿತು ಅಪ್ಪಣೆ ಹೊರಡಿಸಲಿಲ್ಲ. ಹದಿನೆಂಟು ನಾಡಿನ ಶ್ರೀವೈಷ್ಣವರನ್ನೂ ಅವರ ಆಚಾರ್ಯರನ್ನೂ ಸೇರಿಸಿ, ಎಲ್ಲರ ಎದುರಿಗೆ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿ ಇಟ್ಟನು. ಕಲಶ, ಪಂಚಮಹಾವಾದ್ಯಗಳು ಜೈನರಿಗೂ ಸಲ್ಲುವುದೆಂದು ತೀರ್ಮಾನವಾಯಿತು. ತೀರ್ಮಾನ ಮಾತಿನಲ್ಲಿಯೇ ಉಳಿಯದಂತೆ ಹಣದ ಏರ್ಪಾಟೂ ಆಯಿತು: ಜೈನರ ಮನೆ ಒಂದಕ್ಕೆ ವರ್ಷಕ್ಕೆ ಒಂದು ಹಣ ಕೂಡಿಸಿ, ತಿರುಮಲೆಯ ತಾತಯ್ಯನವರ ಮುಖಾಂತರ ಬೆಳಗೊಳದ ದೇವರಿಗೆ ಇಪ್ಪತ್ತು ಕಾವಲಿನವರನ್ನು ಇಡುವುದು, ಉಳಿದ ಹಣದಿಂದ ಜೀರ್ಣವಾದ ಬಸದಿಗಳಿಗೆ ಸುಣ್ಣ ಹಚ್ಚಿಸುವುದು. ಜೈನರ ಹಣ, ವೈಷ್ಣವರ ಮೇಲ್ವಿಚಾರಣೆ!

ಇದಕ್ಕೆ ಬೆನ್ನು ಹತ್ತಿದವನು ಒಬ್ಬ ವ್ಯಾಪಾರಸ್ಥ. ಕಲ್ಲೇಹದ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿ. ರಾಯನಿಗೆ ಬಿನ್ನಹ ಮಾಡಿ, ತಿರುಮಲೆಯ ತಾತಯ್ಯನವರನ್ನು ಕರೆಸಿ, ಶಾಸನವನ್ನು ಜೀರ್ಣೋದ್ಧಾರ ಮಾಡಿಸಿದನು. ಎರಡೂ ಸಮಯದವರು ಕೂಡಿ ಅವನಿಗೆ ಸಂಘನಾಯಕನೆಂಬ ಪಟ್ಟ ಕಟ್ಟಿದರು. ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿ ಆ ಶಾಸನ ಇದೆ. ದರ್ಶನಕ್ಕೆ ಹೋದವರು ದೊಡ್ಡ ಬೆಟ್ಟ ಹತ್ತಿ ಇಳಿದ ಅವಸರದಲ್ಲಿ ಅದನ್ನು ನೋಡದೆ ಬರುತ್ತಾರೆ.